ಕಾಕಾನ ನಿಯಾನ್ ಚಿಂತೆ

ನಮ್ಮ ಕಾಕಾಗೆ ಚಿಂತೆ ಮಾಡಲು ಕಾರಣ ಬೇಕಾಗಿಲ್ಲ. ಕಾರಣ ಇದ್ದರೆ ಅವರಿಗೆ ಚಿಂತೆ ಮಾಡಲು ಬರುವುದೇ ಇಲ್ಲ! ಇದನ್ನು ನಾನು ಅವರ ಎದುರಿಗೇ ಒಮ್ಮೆ ಹೇಳಿಬಿಟ್ಟೆ. ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಹಂಗಂದ್ರ ನನಗೇನರ ಜಡ್ಡು ಐತೇನವ್ವಾ?" ಎಂದು ಕೇಳಿ, ಆ ಸಂಜೆಯೆಲ್ಲ ಅದನ್ನೇ ಚಿಂತಿಸುತ್ತ ಕೂತರು.

ಕಾಕಾ ಎಂದರೆ ನಮ್ಮ ಅಪ್ಪನ ಒಬ್ಬನೇ ತಮ್ಮ. ಮೂಲ ಊರು ಶಿರಗುಪ್ಪಿ. ಅಪ್ಪ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ವ್ಯಾಪಾರಕ್ಕೆ ನಿಂತರು. ಕಾಕಾ ಓದಿಕೊಂಡು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಮಾಸ್ತರರಾದರು, ಬೆಂಗೇರಿಯಲ್ಲಿ ಮನೆ ಮಾಡಿದರು, ಉಳಿದ ಹೊತ್ತಿನಲ್ಲಿ ಚಿಂತೆ ಮಾಡಿದರು. ಮಕ್ಕಳಿರಲಿಲ್ಲ. ಇದ್ದಿದ್ದರೆ ಆ ಮಕ್ಕಳ ಗತಿ ಏನಾಗುತ್ತಿತ್ತೋ ಎಂದು ನಾವು ನಗುತ್ತಿದ್ದೆವು, ಅವರಿಗೆ ಕೇಳಿಸದಂತೆ.

ಅವರ ಪಿಎಚ್.ಡಿ. ಗೈಡ್ ಇದ್ದದ್ದು ಧಾರವಾಡದಲ್ಲಿ. ವಾರಕ್ಕೊಮ್ಮೆ ಬಸ್ಸು ಹತ್ತಬೇಕು. ಬಸ್ಸು ಉಣಕಲ್ ಕೆರೆಯ ಹತ್ತಿರ ಬರುವುದರೊಳಗೆ ಕಾಕಾಗೆ ಅನುಮಾನ: ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ? ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಇರುತ್ತಾರೆ. ಅಡುಗೆ ಮಾಡುವವರೂ ಕಾಕುವೇ. ಕಾಕಾ ಗ್ಯಾಸಿನ ಕಿವಿ ಹಿಂಡಿದ್ದನ್ನು ಕಂಡವರು ಭೂಮಿಯ ಮೇಲೆ ಯಾರೂ ಇಲ್ಲ! ಆದರೂ ಇಳಿದು, ಎದುರಿನ ಬಸ್ಸು ಹಿಡಿದು, ಮನೆಗೆ ಬಂದು, ಒಲೆ ನೋಡಿ, ಮತ್ತೆ ಹೊರಡುತ್ತಿದ್ದರು. ಕಂಡಕ್ಟರರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕಾಕಾ ಸೀಟಿನಿಂದ ಏಳುವ ಮೊದಲೇ ಕೇಳುತ್ತಿದ್ದರು: "ಸರ್ರ, ಇವತ್ತು ಗ್ಯಾಸೋ, ಕೀಲಿನೋ?"

ಇಂಥ ಮನುಷ್ಯ ಸಂಶೋಧನೆಗೆ ಏನನ್ನು ಆರಿಸಿಕೊಳ್ಳಬೇಕು? ಎದ್ದು ಹೋಗಿ ನೋಡಿ ಬರಬಹುದಾದಂಥದ್ದನ್ನು ತಾನೆ? ಕಾಕಾ ಆರಿಸಿಕೊಂಡದ್ದು ಒಂದು ನೆಬ್ಯುಲಾ! ಸಾಯುತ್ತಿರುವ ನಕ್ಷತ್ರವೊಂದು ಹೊರಗೆ ಚೆಲ್ಲಿದ ಅನಿಲದ ಮೋಡ. ನೀಹಾರಿಕೆ ಅನ್ನುತ್ತಾರಲ್ಲ, ಅದು. ಸಾವಿರಾರು ಜ್ಯೋತಿರ್ವರ್ಷ ದೂರ. ಆ ಮೋಡದೊಳಗೆ ಯಾವ ಯಾವ ಧಾತು ಎಷ್ಟೆಷ್ಟಿದೆ ಎಂದು ಬೆಂಗೇರಿಯಲ್ಲಿ ಕೂತು ಲೆಕ್ಕ ಹಾಕುವುದು ಅವರ ಕೆಲಸ.

ಒಂದು ರವಿವಾರ ಅಪ್ಪ ಇದನ್ನು ಪೂರ್ತಿ ತಿಳಿದುಕೊಳ್ಳಲು ಕೂತರು. ಯಾರ್ಡಿಗೆ ಬಂದ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಬೊಗಸೆ ಕಾಳು ತೆಗೆದು, ಮಾಲು ಹೇಗಿದೆ ಎಂದು ಹೇಳುವವರು ಅವರು.

"ನಾವು ಚೀಲಕ್ಕ ಚುಚ್ಚಿ ನೋಡತೀವಿ. ನೀ ಎಲ್ಲಿ ಚುಚ್ಚತಿ ತಮ್ಮಾ?"

"ಚುಚ್ಚೂದಿಲ್ಲ ಅಣ್ಣಾ. ಅಲ್ಲಿಂದ ಬೆಳಕು ಬರತೈತಿ, ಅದನ್ನ ನೋಡಿ ಹೇಳೂದು."

"ಆ ಬೆಳಕು ಕಾಣತೈತೇನು?"

"ಇಲ್ಲಣ್ಣಾ. ಅದು ಇನ್‌ಫ್ರಾರೆಡ್. ಕೆಂಪಿನ ಆಚೀಕಿಂದು, ಕಣ್ಣಿಗೆ ಕಾಣೂದಿಲ್ಲ."

ಅಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. "ಕೈಗೆ ಸಿಗೂದಿಲ್ಲ, ಕಣ್ಣಿಗೆ ಕಾಣೂದಿಲ್ಲ. ಇಂಥಾ ಮಾಲು ನಮ್ಮ ಯಾರ್ಡಿಗೆ ಬಂದ್ರ ನಾ ಹರಾಜ ಕೂಗೂದಿಲ್ಲ ನೋಡಪಾ!"

ನನಗೆ ಮಾತ್ರ ವಿಷಯ ಅಷ್ಟಿಷ್ಟು ಗೊತ್ತಿತ್ತು. ಕೇಶ್ವಾಪುರದಲ್ಲಿ ನಾನೊಂದು ಡಿಟಿಪಿ ಸೆಂಟರ್ ನಡೆಸುತ್ತಿದ್ದೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಪುಣ್ಯತಿಥಿಯ ಕರಪತ್ರ, ಇವುಗಳ ನಡುವೆ ಕಾಕಾನ ಪ್ರಬಂಧ. ಅದನ್ನು ಟೈಪ್ ಮಾಡಿ ಮಾಡಿ ನಾನೂ ಅರ್ಧ ಪಂಡಿತೆಯಾಗಿದ್ದೆ. ಬಾಹ್ಯಾಕಾಶಕ್ಕೆ ಬಿಟ್ಟ ಒಂದು ಉಪಗ್ರಹ ಆ ಕಾಣದ ಬೆಳಕನ್ನು ಹಿಡಿದು, ಬಿಡಿಸಿ, ಹರವಿ ಕೊಡುತ್ತದೆ. ಹೃದಯದ ಡಾಕ್ಟರರ ಇ.ಸಿ.ಜಿ. ಹಾಳೆ ನೋಡಿದ್ದೀರಲ್ಲ, ಹಾಗೆ ಗೆರೆ ಓಡಿರುತ್ತದೆ, ಅಲ್ಲಲ್ಲಿ ಗೋಪುರದಂತೆ ಮೇಲೆದ್ದಿರುತ್ತದೆ. ಈ ಜಾಗದಲ್ಲಿ ಎದ್ದರೆ ಹೈಡ್ರೋಜನ್, ಆ ಜಾಗದಲ್ಲಿ ಎದ್ದರೆ ನಿಯಾನ್, ಇನ್ನೊಂದು ಕಡೆ ಗಂಧಕ. ಗೋಪುರ ದೊಡ್ಡದಿದ್ದಷ್ಟೂ ಧಾತು ಹೆಚ್ಚು. ಹೈಡ್ರೋಜನ್ನಿಗೆ ಹೋಲಿಸಿ ಉಳಿದವುಗಳ ಪಾಲು ಹೇಳುತ್ತಾರೆ. ಪುಣೆಯ ಸಂಸ್ಥೆಯೊಂದರಿಂದ ಕಾಕಾ ಆ ಗೆರೆಗಳನ್ನು ಕಾಗದದ ಸುರುಳಿಗಳಲ್ಲೂ ಫ್ಲಾಪಿಗಳಲ್ಲೂ ತಂದಿದ್ದರು.

"ಕಣ್ಣಿಗೆ ಕಾಣೂ ಬೆಳಕು ಬಿಟ್ಟು ಇದ್ಯಾಕ್ರಿ ಕಾಕಾ?" ಎಂದು ನಾನು ಕೇಳಿದ್ದೆ.

"ಕಾಣೂ ಗೆರಿ ಭಾಳ ಸೂಕ್ಷ್ಮ ಅದಾವವ್ವಾ. ಮೋಡದ ಉಷ್ಣತಾ ಒಂದೀಟು ಏರಿದ್ರ ಅವೂ ಏರತಾವ, ಇಳದ್ರ ಇಳೀತಾವ. ಲೆಕ್ಕಾ ತಪ್ಪತೈತಿ. ಇನ್‌ಫ್ರಾರೆಡ್ ಗೆರಿ ಹಂಗಲ್ಲ. ಬಿಸಿ ಆಗ್ಲಿ, ತಣ್ಣಗಾಗ್ಲಿ, ತಲಿ ಕೆಡಿಸ್ಕೊಳ್ಳೂದಿಲ್ಲ."

ಜಗತ್ತಿನಲ್ಲಿ ತಲೆ ಕೆಡಿಸಿಕೊಳ್ಳದ ಒಂದು ವಸ್ತುವನ್ನು ನಮ್ಮ ಕಾಕಾ ಕೊನೆಗೂ ಹುಡುಕಿಕೊಂಡಿದ್ದರು! ಆದರೆ ಚಿಂತೆ ಬಿಟ್ಟೀತೆ? ಬೆಳಕು ಹೊರಟು ಸಾವಿರಾರು ವರ್ಷ ಆಗಿದೆಯಲ್ಲ, ಈಗ ಆ ನೆಬ್ಯುಲಾ ಅಲ್ಲಿ ಇದೆಯೋ ಇಲ್ಲವೋ ಎಂಬುದು ಹೊಸ ಚಿಂತೆ. ಮುಂಜಾನೆ ಚಹಾ ಕುಡಿಯುತ್ತ ಒಮ್ಮೆಲೇ ಕಪ್ಪು ಕೆಳಗಿಟ್ಟು, "ಚದರಿ ಹೋಗಿದ್ರ ಏನ್ ಮಾಡೂದು?" ಅನ್ನುತ್ತಿದ್ದರು. ಕಾಕು ಹಂಚಿನ ಮೇಲಿನ ರೊಟ್ಟಿ ತಿರುವುತ್ತಲೇ, "ಹೋದ್ರ ಹೋಗ್ಲಿ ಬಿಡ್ರಿ, ನೀವು ಮೊದಲ ಚಹಾ ಕುಡೀರಿ" ಅನ್ನುವರು. ಕಾಕು ಏಳನೆಯ ಇಯತ್ತೆಯವರೆಗೆ ಕಲಿತವರು. ಓಣಿಯ ಹೆಣ್ಣುಮಕ್ಕಳ ಜಂಪರು ಹೊಲಿಯುತ್ತಿದ್ದರು. ಅವರ ಕತ್ತರಿಯ ಕೈ ಎಂದರೆ ಕೈ, ಒಂದು ಎಳೆ ಆಚೀಚೆ ಆಗುತ್ತಿರಲಿಲ್ಲ.

ಆಮೇಲೆ ನಿಯಾನ್ ಬಂತು. ಕಾಕಾನ ಲೆಕ್ಕದ ಪ್ರಕಾರ ಆ ಮೋಡದಲ್ಲಿ ನಿಯಾನ್ ಪ್ರಮಾಣ ಸೂರ್ಯನಲ್ಲಿರುವುದಕ್ಕಿಂತ ಸುಮಾರು ಮೂರರಲ್ಲೊಂದು ಪಾಲು ಹೆಚ್ಚು! ಗೈಡ್ ಬಹಳ ಖುಷಿಯಾದರು. "ಇದು ಹೊಸಾದ್ರಿ, ಐದನೇ ಅಧ್ಯಾಯ ಇದರ ಮ್ಯಾಲೇ ನಿಲ್ಲಿಸ್ರಿ" ಅಂದರು. ಕಾಕಾ ನಿಲ್ಲಿಸಿದರು. ನಾನು ಟೈಪ್ ಮಾಡಿದೆ. ಅರವತ್ತು ಪುಟ! ಮಾತೆಲ್ಲ ಮುಗಿದಿತ್ತು. ಅಂಕಿಗಳ ಕೋಷ್ಟಕ ಮಾತ್ರ ಕೊನೆಗೆ ಹಾಕೋಣ ಎಂದು ಬಿಟ್ಟಿದ್ದೆವು.

ತೊಂಬತ್ತರ ದಶಕ ಮುಗಿಯಲು ಬಂದಿತ್ತು. ಕಾಕಾನ ನೋಂದಣಿಯ ಅವಧಿಯೂ ಅದೇ ವರ್ಷದ ಡಿಸೆಂಬರಿಗೆ ಮುಗಿಯುವುದಿತ್ತು. ಎರಡು ಸಲ ಮುಂದೂಡಿಸಿಕೊಂಡಾಗಿತ್ತು, ಮೂರನೆಯದಿಲ್ಲ ಎಂದು ವಿಶ್ವವಿದ್ಯಾಲಯದವರು ಕಾಗದ ಕಳಿಸಿದ್ದರು. ಅಷ್ಟರೊಳಗೆ ಒಪ್ಪಿಸದಿದ್ದರೆ ಏಳು ವರ್ಷದ ದುಡಿತ ನೀರುಪಾಲು. ವಯಸ್ಸು ಐವತ್ತು ದಾಟಿತ್ತು. ಇನ್ನೊಮ್ಮೆ ಮೊದಲಿನಿಂದ ಶುರು ಮಾಡುವ ಮಾತೇ ಇರಲಿಲ್ಲ.

ಅದೇ ಹೊತ್ತಿಗೆ ಯಾರೋ ಪುಣ್ಯಾತ್ಮರು ಕಾಕಾನ ಕಿವಿಯಲ್ಲಿ ವೈ-ಟು-ಕೆ ಊದಿದರು. ಎರಡು ಸಾವಿರ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಬುದ್ಧಿ ಕಳೆದುಕೊಳ್ಳುತ್ತವೆ ಎಂದು ಆಗ ಎಲ್ಲ ಕಡೆ ಗುಲ್ಲು. ಕಾಕಾ ಜನವರಿಯವರೆಗೆ ಕಾಯುವವರೇ? ಕಂಪ್ಯೂಟರಿನಲ್ಲಿದ್ದ ಅಳತೆಗಳನ್ನೆಲ್ಲ ಫ್ಲಾಪಿಗಿಳಿಸಿ ಕಂಪ್ಯೂಟರನ್ನು ಒರೆಸಿ ಹಾಕಿದರು! ಒಂದಲ್ಲ, ಮೂರು ಪ್ರತಿ. ಒಂದು, ಪುಣೆಯ ಫ್ಲಾಪಿಗಳ ಸಮೇತ, ಮನೆಯ ದೇವರ ಕೋಣೆಯಲ್ಲಿ, ಒಂದು ನನ್ನ ಡಿಟಿಪಿ ಸೆಂಟರಿನಲ್ಲಿ, ಒಂದು ಅಮರಗೋಳದಲ್ಲಿ ಅಪ್ಪನ ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿ. "ಮೂರೂ ಕಡೆ ಒಮ್ಮೆಲೇ ಬೆಂಕಿ ಬೀಳೂದಿಲ್ಲಲ್ಲ" ಎಂದು ಆ ದಿನ ಮೊದಲ ಬಾರಿಗೆ ನೆಮ್ಮದಿಯ ಉಸಿರು ಬಿಟ್ಟರು.

ಬೆಂಕಿ ಬೀಳಲಿಲ್ಲ. ಖಂಡೇಪೂಜೆ ಬಂತು.

ನಮ್ಮ ಕಡೆ ಮಹಾನವಮಿಗೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಕಾಕು ಮುಂಜಾನೆಯೇ ಮಿಂದು, ಹೊಲಿಗೆ ಯಂತ್ರ, ಕತ್ತರಿ, ಈಳಿಗೆ, ಸ್ಕೂಟರು ಎಲ್ಲಕ್ಕೂ ವಿಭೂತಿ ಹಚ್ಚಿ, ಹೂ ಏರಿಸಿದ್ದರು. ಕಾಕಾ ಮನೆಯಲ್ಲಿರಲಿಲ್ಲ. ರಜೆಯ ದಿನ ಕಾಲೇಜಿನ ಲ್ಯಾಬಿಗೆ ಕೀಲಿ ಹಾಕಿದ್ದಾರೋ ಇಲ್ಲವೋ ನೋಡಲು ಹೋಗಿದ್ದರು! ಹೋಳಿಗೆ ಉಣ್ಣಲು ಬಂದ ನಾನು ದೇವರ ಕೋಣೆಗೆ ಇಣುಕಿದೆ. ಫ್ಲಾಪಿಗಳು ಸಾಲಾಗಿ ಕೂತಿದ್ದವು. ಅವುಗಳ ಮೇಲೆ ಚೆಂಡು ಹೂ. ನೋಡಲು ಬಹಳ ಚಂದವಿತ್ತು. ಹತ್ತಿರ ಹೋಗಿ ನೋಡಿದೆ, ಫ್ಲಾಪಿಯ ತಗಡಿನ ಸಂದಿಯಲ್ಲಿ ಬೂದಿ!

"ಕಾಕೂ, ವಿಭೂತಿ ಎಲ್ಲಿ ಹಚ್ಚೀರಿ?"

"ಒಳಗ ಹಚ್ಚೇನಿ. ಮ್ಯಾಲಿಂದು ಬರೇ ಪ್ಲಾಸ್ಟಿಕ್ ಅಲ್ಲೇನ? ಆ ತಗಡು ಸರಿಸಿದ್ರ ಒಳಗ ಕರೇದು ಹಣಿ ಕಾಣತೈತಿ ನೋಡು. ಬೆರಳು ಹಿಡೀಲಿಲ್ಲ. ಹತ್ತಿ ಬತ್ತಿ ತೊಯಿಸಿ, ಒಂದೊಂದಕ್ಕೂ ಮೂರು ಮೂರು ಗೆರಿ ಎಳದೆ. ತಾಸು ಹಿಡೀತು!"

ಅಳತೆಗಳೆಲ್ಲ ಇದ್ದದ್ದು ಆ ಕರಿ ಹಣೆಯ ಮೇಲೇ! ಅಷ್ಟು ಅಕ್ಕರೆಯಿಂದ ಯಾರೂ ಫ್ಲಾಪಿಯನ್ನು ಕೊಂದಿರಲಿಕ್ಕಿಲ್ಲ. ನನ್ನ ಸೆಂಟರಿನ ಪ್ರತಿ? ರಜೆಯಲ್ಲಿ ನನ್ನ ವೈರಿಂಗ್ ಸುಟ್ಟೀತು ಎಂಬ ಭಯಕ್ಕೆ ಕಾಕಾ ಹಿಂದಿನ ದಿನವೇ ಅದನ್ನೂ ಮನೆಗೆ ತಂದಿಟ್ಟಿದ್ದರು. ಅವಕ್ಕೂ ಮೂರು ಮೂರು ಗೆರೆ! ಕೂಡಲೇ ಅಮರಗೋಳಕ್ಕೆ ಫೋನು ಹಚ್ಚಿದೆ. ಅಪ್ಪ ಹಬ್ಬದ ಹುರುಪಿನಲ್ಲಿದ್ದರು. "ಪೂಜಿ ಈಗ ಮುಗೀತವ್ವಾ. ಕಾಯಿ ಪೆಟಗಿ ಮ್ಯಾಲೇ ಒಡದ್ವಿ. ನೀರೆಲ್ಲಾ ಒಳಗ ಇಳದೈತಿ ನೋಡು, ಭಾಳ ಛಲೋ ಶಕುನ!"

ಕಾಕಾ ಬಂದರು. ನಾನೇ ಹೇಳಿದೆ. ಒಂದೊಂದಾಗಿ ಫ್ಲಾಪಿ ತುರುಕಿ ನೋಡಿದರು. ಕಂಪ್ಯೂಟರು ಪ್ರತಿ ಸಲವೂ ಗಂಟಲು ಕೆರೆದು ಸುಮ್ಮನಾಯಿತು. ಕಾಕು ಬಾಗಿಲ ಹತ್ತಿರ ಸೆರಗಿನ ತುದಿ ಹಿಡಿದು ನಿಂತಿದ್ದರು. ಈಗ ಕಾಕಾ ಕೂಗುತ್ತಾರೆ, ಈಗ ತಲೆ ಹೊಡೆದುಕೊಳ್ಳುತ್ತಾರೆ ಎಂದು ನಾನು ಕಾದೆ. ಕಾಕಾ ಎದ್ದು, ಕೈ ತೊಳೆದು, "ಉಣ್ಣಾಕ ಹಾಕು" ಅಂದರು. ಸುಮ್ಮನೆ ಎರಡು ಹೋಳಿಗೆ ಉಂಡರು. ಗ್ಯಾಸಿಗಾಗಿ ಊರು ಸುತ್ತುವ ಮನುಷ್ಯ ಹೀಗೆ ತಣ್ಣಗೆ ಕೂತು ಉಂಡರೆ ನೋಡುವವರಿಗೆ ಏನನಿಸಬೇಡ? ಕಾಕು ಉಣ್ಣಲೇ ಇಲ್ಲ.

ಪುಣೆಗೆ ಬರೆದರೆ, ಮತ್ತೆ ಎಲ್ಲ ಇಳಿಸಿ ಕೊಡಲು ಎರಡು ತಿಂಗಳಾಗುತ್ತದೆ ಎಂಬ ಉತ್ತರ ಬಂತು. ಡಿಸೆಂಬರಿಗೆ ಉಳಿದದ್ದೇ ಅಷ್ಟು. ಕೈಯಲ್ಲಿದ್ದದ್ದು ಟ್ರಂಕಿನೊಳಗಿನ ಕಾಗದದ ಸುರುಳಿಗಳು ಮಾತ್ರ. ಆಗ ಕಾಕಾ ಕಂಪ್ಯೂಟರ್ ಹುಟ್ಟುವ ಮೊದಲಿನ ಕಾಲದ ಒಂದು ಉಪಾಯ ತೆಗೆದರು. ಗೆರೆಯ ಗೋಪುರಗಳನ್ನು ಝೆರಾಕ್ಸಿನಲ್ಲಿ ದೊಡ್ಡದು ಮಾಡಿಸಿ, ಒಂದೇ ದಪ್ಪದ ರಟ್ಟಿಗೆ ಇಳಿಸಿ, ಕತ್ತರಿಸಿ ತೆಗೆದು, ತೂಕ ಮಾಡುವುದು! ರಟ್ಟು ಎಷ್ಟು ತೂಗುತ್ತದೋ ಗೋಪುರ ಅಷ್ಟು ದೊಡ್ಡದು.

ಕತ್ತರಿಸುವ ಕೆಲಸಕ್ಕೆ ಕಾಕು ತಾವೇ ಕೂತರು, ಯಾರೂ ಹೇಳಲಿಲ್ಲ. ಜಂಪರುಗಳನ್ನೆಲ್ಲ ಬದಿಗಿಟ್ಟರು. ಹೊಲಿಗೆಗೆ ಬಂದ ಹೆಂಗಸರಿಗೆ, "ಈಗ ಆಗೂದಿಲ್ರೀ, ಮನ್ಯಾಗ ನೆಬ್ಯುಲಾ ಕತ್ತರಸಾಕತ್ತೇನಿ" ಎಂದು ಹೇಳಿ ಕಳಿಸುತ್ತಿದ್ದರು. ಮುಖದಲ್ಲಿ ನಗುವಿರಲಿಲ್ಲ. ನಾವು ಮಾತ್ರ ನಕ್ಕೆವು.

ಮೊದಲು ಮುಗಿದದ್ದು ಹೈಡ್ರೋಜನ್. ತೂಕಕ್ಕೆ ಎಲ್ಲಿಗೆ ಹೋಗುವುದು? ಅಪ್ಪನ ತಕ್ಕಡಿಯಲ್ಲಿ ಚೀಲದ ಲೆಕ್ಕ. ಕಾಕಾ ನನ್ನನ್ನು ಕರೆದುಕೊಂಡು ಸರಾಫ ಪೇಟೆಯ ನಮ್ಮ ಪರಿಚಯದ ಪತ್ತಾರರ ಅಂಗಡಿಗೆ ಹೋದರು. ಬಂಗಾರ ತೂಗಲು ಅವರಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಇತ್ತು.

"ಬರ್ರಿ ಸರ್ರ. ಏನ್ ಮಾಡಸೂದೈತಿ?"

"ಮಾಡಸೂದಿಲ್ರಿ. ಹೈಡ್ರೋಜನ್ ತೂಕ ಮಾಡಬೇಕಿತ್ತು."

ಪತ್ತಾರರು ಕನ್ನಡಕದ ಮೇಲಿಂದ ನೋಡಿದರು. ಕಾಕಾ ಟಿಫಿನ್ ಡಬ್ಬಿ ಬಿಚ್ಚಿ, ಅರಿವೆಯಲ್ಲಿ ಸುತ್ತಿದ ರಟ್ಟಿನ ಚೂರುಗಳನ್ನು ಹೊರಗಿಟ್ಟರು. "ಫ್ಯಾನ್ ಬಂದ್ ಮಾಡ್ರಿ. ಯಾರೂ ಜೋರಾಗಿ ಉಸರು ಬಿಡಬ್ಯಾಡ್ರಿ." ಬುಗುಡಿ ನೋಡುತ್ತ ಕೂತಿದ್ದ ಒಬ್ಬ ಹೆಂಗಸು ನಿಜವಾಗಿಯೂ ಉಸಿರು ಹಿಡಿದುಕೊಂಡು ಕೂತರು. ಪಾಪ, ಕಾಕಾ ಒಂದೊಂದು ಚೂರನ್ನೂ ಮೂರು ಮೂರು ಸಲ ತೂಗಿಸಿದರು! ಕೊನೆಗೆ ಪತ್ತಾರರು ಚಿಮಟಿಗೆ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಸರ್ರ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?"

ನವೆಂಬರ್ ಮುಗಿಯುತ್ತಿತ್ತು. ನಾನು ಸಂಜೆ ಸೆಂಟರ್ ಮುಚ್ಚಿ ಬೆಂಗೇರಿಗೆ ಹೋಗಿ, ಆ ದಿನದ ತೂಕಗಳನ್ನು ಟೈಪ್ ಮಾಡಲು ಬರೆದುಕೊಳ್ಳುತ್ತಿದ್ದೆ. ಅಂಥ ಒಂದು ಸಂಜೆ ಕಾಕು ನಿಯಾನಿನ ಮೊದಲ ಹಾಳೆ ಮುಂದಿಟ್ಟುಕೊಂಡು, ಕತ್ತರಿ ಎತ್ತಿದವರು ನಿಂತರು.

"ಏನ್ರಿ, ಹಿಂದಿನ ಹಾಳ್ಯಾಗೆಲ್ಲಾ ಮೂಲಿಗೆ ಹದಿನಾಕು-ಇಪ್ಪತ್ತು ಅಂತ ಬರದಿತ್ತು. ಇದರಾಗ ಹದಿನಾಕು-ಇಪ್ಪತ್ತೇಳು ಐತಿ. ಅಳತಿ ಬದಲಾಗೇತಿ. ಇದನ್ನೂ ಹಂಗ ಕತ್ತರಸ್ಲೇನು, ಅಂಚು ಬಿಡ್ಲೇನು?"

ಅವರ ಪಾಲಿಗೆ ಹಾಳೆಯ ಮೂಲೆಯಲ್ಲಿ ಬರೆದದ್ದೆಲ್ಲ ಬಟ್ಟೆಯ ಅಳತೆಯೇ. ಕಾಕಾ ಹಾಳೆ ಕಸಿದುಕೊಂಡರು. ಟ್ರಂಕಿನಿಂದ ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಕೆಳಗೆ ಕೂತುಬಿಟ್ಟರು.

"ನಾ ಮತ್ತೇನರ ಕೆಡಿಸಿದ್ನೇನ್ರಿ?" ಎಂದು ಕಾಕು ಕೇಳಿದರು. ಕಾಕಾಗೆ ಅದು ಕೇಳಿಸಲಿಲ್ಲ. ಪೆನ್ನು ಹುಡುಕುತ್ತಿದ್ದರು. ನನಗೆ ಕೇಳಿಸಿತು. ಆದರೆ ಉತ್ತರ ಹೇಳಬೇಕು ಎಂದು ನನಗೆ ಹೊಳೆಯಲಿಲ್ಲ. ನಾನು ಕಾಕಾನ ಮುಖವನ್ನೇ ನೋಡುತ್ತಿದ್ದೆ.

ಆದದ್ದು ಇಷ್ಟು. ಉಪಗ್ರಹದ ಕಣ್ಣಿಗೆ ಒಂದೇ ಕಿಟಕಿ ಇರಲಿಲ್ಲ. ಹೈಡ್ರೋಜನ್ ಗೆರೆ ಇರುವ ಕಡೆಗೆ ಸಣ್ಣ ಕಿಟಕಿ, ನಿಯಾನ್ ಗೆರೆ ಇರುವ ಕಡೆಗೆ ಅದಕ್ಕಿಂತ ಅಗಲದ ಕಿಟಕಿ. ಮೂಲೆಯ ಅಂಕಿ ಆ ಕಿಟಕಿಯ ಅಳತೆ. ಮೋಡ ಎರಡೂ ಕಿಟಕಿಗಿಂತ ದೊಡ್ಡದು. ದೊಡ್ಡ ಕಿಟಕಿಯಲ್ಲಿ ಮೋಡದ ಹೆಚ್ಚು ಭಾಗ ಕಾಣುತ್ತದೆ, ಬೆಳಕೂ ಹೆಚ್ಚು ಬರುತ್ತದೆ. ಅದನ್ನು ಸರಿದೂಗಿಸಿ ಆಮೇಲೆ ಹೋಲಿಸಬೇಕು. ಪುಣೆಯ ಪ್ರೋಗ್ರಾಮು ಅದನ್ನು ತಾನೇ ಮಾಡಿರುತ್ತದೆ ಎಂದು ಕಾಕಾ ನಂಬಿದ್ದರು. ಅದು ಮಾಡಿರಲಿಲ್ಲ. ಒಲೆಯನ್ನು ಮೂರು ಸಲ ನೋಡುವ ಮನುಷ್ಯ ಈ ಕಿಟಕಿಯನ್ನು ಒಂದು ಸಲವೂ ನೋಡಿರಲಿಲ್ಲ!

"ಹೆಚ್ಚು ಇದ್ದದ್ದು ನಿಯಾನ್ ಅಲ್ಲವ್ವಾ, ಕಿಡಕಿ" ಅಂದರು ಕಾಕಾ, ಲೆಕ್ಕ ಮುಗಿಸಿ. ಸರಿಪಡಿಸಿದ ಮೇಲೆ ಆ ನೆಬ್ಯುಲಾದಲ್ಲಿ ನಿಯಾನ್ ಸೂರ್ಯನಲ್ಲಿ ಇರುವಷ್ಟೇ ಇತ್ತು. ವಿಶೇಷವೇನೂ ಇಲ್ಲ. ಐದನೆಯ ಅಧ್ಯಾಯ ಕುಸಿದು ಬಿತ್ತು.

ಈಗ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಉಳಿದಿದ್ದದ್ದು ಒಂದು ತಿಂಗಳು. ನನ್ನ ಟೇಬಲ್ಲಿನ ಮೇಲೆ ಮದುವೆ ಪತ್ರಿಕೆಗಳ ರಾಶಿ. ಅರವತ್ತು ಪುಟ ಹರಿದು ಹೊಸದಾಗಿ ಬರೆಯುವುದೆಂದರೆ? ಬರೆದು ಮುಗಿಯದಿದ್ದರೆ? ಗೈಡ್, "ಹೊಸಾದು ಏನೂ ಇಲ್ಲಂದ್ರ ಪರೀಕ್ಷಕರು ಒಪ್ಪತಾರಂತ ನಾ ಖಾತ್ರಿ ಕೊಡೂದಿಲ್ರಿ. ತಿದ್ದೂದು ಬಿಡೂದು ನಿಮಗ ಸೇರಿದ್ದು" ಎಂದು ಹೇಳಿ ಕಳಿಸಿದ್ದರು. ನಾನು ಹೇಳಿದೆ: "ಕಾಕಾ, ಹಂಗ ಬಿಡ್ರಿ. ಸಾವಿರಾರು ಜ್ಯೋತಿರ್ವರ್ಷ ದೂರ ಯಾರ್ ಹೋಗಿ ನೋಡತಾರ?"

ಕಾಕಾ ಪೆನ್ನು ಕೆಳಗಿಟ್ಟರು. "ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಉಣಕಲ್ಲಿಗೆ ಇಳದು ವಾಪಸ್ ಬರಬೋದು. ಇದನ್ನ ಹಿಂಗ ಬಿಟ್ರ, ಆಮ್ಯಾಲೆ ವಾಪಸ್ ಎಲ್ಲಿಗೆ ಹೋಗ್ಲಿ ಯವ್ವಾ?"

ನನಗೆ ನಾಚಿಕೆಯಾಯಿತು. ಆ ಒಂದು ತಿಂಗಳು ನಾವು ಬದುಕಿದ್ದು ಹೇಗೆಂದು ಈಗಲೂ ಗೊತ್ತಿಲ್ಲ. ಕಾಕಾ ಬರೆಯುವುದು, ಕಾಕು ಕತ್ತರಿಸುವುದು, ಪತ್ತಾರರು ತೂಗುವುದು, ನಾನು ಟೈಪ್ ಮಾಡುವುದು. ಅವಸರದಲ್ಲಿ ಕುಂದಗೋಳದ ಒಂದು ಮದುವೆ ಪತ್ರಿಕೆಯ ಅಡಿಯಲ್ಲಿ 'ಚಿತ್ರ ೫.೨ ನೋಡಿ' ಎಂದು ಅಚ್ಚಾಗಿ ಹೋಗಿ, ವರನ ಕಡೆಯವರು ಜಗಳಕ್ಕೆ ಬಂದರು! ಕರೆಂಟು ಹೋದರೆ ನನ್ನ ಜೀವ ಹೋಗುತ್ತಿತ್ತು. ಪ್ರಿಂಟರ್ ಕೆಮ್ಮಿದರೆ ನನಗೆ ಜ್ವರ. ಚಿಂತೆ ಎಂಬುದು ಅಂಟುರೋಗ ಎಂದು ಆಗ ತಿಳಿಯಿತು. ಕಾಕಾ ಮಾತ್ರ ಶಾಂತ. ಒಪ್ಪಿಸಬೇಕಾದ ಕೊನೆಯ ದಿನ, ಐದು ಪ್ರತಿಗಳನ್ನು ತೊಡೆಯ ಮೇಲಿಟ್ಟುಕೊಂಡು ಧಾರವಾಡದ ಬಸ್ಸಿನಲ್ಲಿ ಕೂತೆವು. ಉಣಕಲ್ ಬಂತು, ಹೋಯಿತು. ಕಾಕಾ ಏಳಲಿಲ್ಲ. ಕಂಡಕ್ಟರರು ಗಾಬರಿಯಾಗಿ ಹತ್ತಿರ ಬಂದು ಕೇಳಿದರು: "ಸರ್ರ, ಮೈಯಾಗ ಆರಾಮಿಲ್ಲೇನ್ರಿ?"

ಮೌಖಿಕ ಪರೀಕ್ಷೆ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಅದು ಎಲ್ಲರೂ ಬಂದು ಕೂತು ಕೇಳುವ ಪರೀಕ್ಷೆ. ಅಪ್ಪ ಯಾರ್ಡಿಗೆ ರಜೆ ಹಾಕಿ, ರುಮಾಲು ಸುತ್ತಿ ಬಂದರು. ಕಾಕು ಇಳಕಲ್ ಸೀರೆ ಉಟ್ಟು ನನ್ನ ಪಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದರು. ಬಹಳ ಸೊರಗಿದ್ದಾರೆ ಎಂದು ಅವತ್ತೇ ನಾನು ಗಮನಿಸಿದ್ದು. ಮುಂದೆ ಕಾಕಾ ನಿಂತಿದ್ದರು, ಕೈಯಲ್ಲಿ ಬೆತ್ತ. ಅದರ ತುದಿ ಪರದೆಯ ಮೇಲೆ ಗಡಗಡ ನಡುಗುತ್ತಿತ್ತು. ಹೈಡ್ರೋಜನ್ ತೋರಿಸಲು ಹೋಗಿ ಗಂಧಕವನ್ನು ಮುಟ್ಟಿ ಬರುತ್ತಿತ್ತು.

ಹೊರಗಿನ ಪರೀಕ್ಷಕರು ಮೈಸೂರು ಕಡೆಯವರು, ಮೆತ್ತಗಿನ ಮಾತು. ಪ್ರಬಂಧ ಮಡಚಿ ಕೇಳಿದರು: "ಹಾಗಾದರೆ ಈ ನೀಹಾರಿಕೆಯಲ್ಲಿ ಹೊಸದೇನೂ ಇಲ್ಲ ಅನ್ನಿ?"

"ಇಲ್ರಿ ಸರ್. ಮೊದಲ ಇತ್ತು. ಆಮ್ಯಾಲೆ ಹೋತು."

ಎಲ್ಲರೂ ನಕ್ಕರು. ಪರೀಕ್ಷಕರು ನಗಲಿಲ್ಲ. "ಹೇಗೆ ಹೋಯಿತು?"

ಕಾಕಾ ಕಿಟಕಿಗಳ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಿದರು. ತಾವು ಮೂರು ವರ್ಷ ನೋಡದೇ ಬಿಟ್ಟದ್ದನ್ನೂ ಮುಚ್ಚಿಡಲಿಲ್ಲ. ಪರೀಕ್ಷಕರು ಮುಂದಕ್ಕೆ ಬಾಗಿದರು. "ಇದನ್ನು ಎಷ್ಟೋ ಜನ ಗಮನಿಸದೆ ಬಿಡುತ್ತಾರೆ. ಗಮನಿಸಿದ್ದು ನೀವೇನಾ?"

"ಅಲ್ರಿ ಸರ್. ನಮ್ಮಾಕಿ. ಅಲ್ಲಿ ಹಿಂದ ಕುಂತಾಳ."

ಪರೀಕ್ಷಕರು ತಿರುಗಿದರು, ಎಲ್ಲರೂ ತಿರುಗಿದರು. "ಅಮ್ಮಾ, ಸ್ವಲ್ಪ ಎದ್ದು ನಿಲ್ತೀರಾ?"

ಕಾಕು ಎದ್ದರು. ಸೆರಗು ಎಳೆದುಕೊಂಡರು. ಎರಡೂ ಕೈ ಜೋಡಿಸಿದರು.

"ತಪ್ಪಾತ್ರಿ ಯಪ್ಪಾ. ನಾ ಬೇಕಂತ ಮಾಡಿಲ್ರಿ. ಫ್ಲಾಪಿ ಕೆಡಿಸಿದ್ದೂ ನಾನ, ಆಮ್ಯಾಲೆ ಹಾಳಿ ಕೆಡಿಸಿದ್ದೂ ನಾನ. ಅವರಿಗೇನೂ ಗೊತ್ತಿಲ್ರಿ. ಅವರ ಡಿಗ್ರಿ ತಪ್ಪಸಬ್ಯಾಡ್ರಿ."

ಯಾರೋ ಒಬ್ಬರು ನಕ್ಕು, ಅಲ್ಲಿಗೇ ನಿಲ್ಲಿಸಿದರು. ಐದಾರು ತಿಂಗಳು! ನಿಯಾನ್ ನಿಯಾನ್ ಎಂದು ಬಡಕೊಳ್ಳುತ್ತ ನಾವೆಲ್ಲ ಓಡಾಡಿದೆವು. ಆ ಸಂಜೆ ತಾನು ಮಾಡಿದ್ದೇನು ಎಂದು ಆ ಹೆಂಗಸಿಗೆ ಒಂದು ಮಾತು ಹೇಳಲು ನಮಗೆ ಪುರುಸೊತ್ತಾಗಲಿಲ್ಲ. ಒಂದಲ್ಲ, ಎರಡು ಸಲ ಗಂಡನ ಕೆಲಸ ಹಾಳು ಮಾಡಿದೆ ಎಂದು ತಿಳಿದು ಅವರು ಒಬ್ಬರೇ ಕೊರಗಿದ್ದರು.

ಕಾಕಾ ಬೆತ್ತ ಕೆಳಗಿಟ್ಟರು. ಕುರ್ಚಿಗಳ ನಡುವೆ ನಡೆದುಕೊಂಡು ಹಿಂದಕ್ಕೆ ಬಂದರು.

"ಯಾರ್ ಹೇಳಿದ್ರು ನಿನಗ, ಕೆಡಿಸಿದಿ ಅಂತ?"

"ಯಾರೂ ಹೇಳಿಲ್ರಿ," ಅಂದರು ಕಾಕು. "ನೀವೂ ಏನೂ ಹೇಳ್ಲಿಲ್ಲಲ್ಲ."

ಕಾಕಾ ಕಾಕುವನ್ನು ಕೂರಿಸಿದರು. ಆಮೇಲೆ ಪರೀಕ್ಷಕರ ಕಡೆ ತಿರುಗಿ, "ಉಳಿದದ್ದು ಇಲ್ಲೇ ನಿಂತು ಹೇಳತೇನ್ರಿ ಸರ್. ಕನ್ನಡದಾಗ ಹೇಳತೇನಿ. ನಡೀತೈತಿಲ್ರಿ?" ಅಂದರು. ಪರೀಕ್ಷಕರು ತಮ್ಮ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡರು.

ಕಾಕಾ ಮೊದಲಿನಿಂದ ಶುರು ಮಾಡಿದರು. ನಕ್ಷತ್ರ ಹೇಗೆ ಸಾಯುತ್ತದೆ, ಮೋಡ ಹೇಗಾಗುತ್ತದೆ, ಕಾಣದ ಬೆಳಕು ಹೇಗೆ ಬರುತ್ತದೆ, ಸಣ್ಣ ಕಿಟಕಿ ಯಾವುದು, ದೊಡ್ಡ ಕಿಟಕಿ ಯಾವುದು, ಕತ್ತರಿ ಎತ್ತಿ ಹಿಡಿದು ಒಬ್ಬಾಕೆ ಕೇಳಿದ ಪ್ರಶ್ನೆಯಿಂದ ಒಂದು ಸುಳ್ಳು ಹೇಗೆ ಉದುರಿತು. ಅವರ ಒಂದು ಕೈ ಕಾಕುವಿನ ಹೆಗಲ ಮೇಲಿತ್ತು, ನಡುಗುತ್ತಿರಲಿಲ್ಲ. ಅಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು, ನಾನು ಬಿಕ್ಕುತ್ತಿದ್ದೆ. ನಡುನಡುವೆ ಪರೀಕ್ಷಕರು ಪ್ರಶ್ನೆ ಕೇಳುತ್ತಿದ್ದರು. ಕಾಕಾ ಉತ್ತರವನ್ನೆಲ್ಲ ಕಾಕುವಿಗೆ ಹೇಳುತ್ತಿದ್ದರು.